ಸುಕ್ಕು ಬಿಡಿಸದ ಹಾಸಿಗೆ

ನಮ್ಮ ಬೀದಿಯಲ್ಲಿ ಆಕೆಯ ನಿಜವಾದ ಹೆಸರು ಅಂಚೆಯವನಿಗೆ ಮಾತ್ರ ಗೊತ್ತಿತ್ತು. ಉಳಿದ ನಮಗೆಲ್ಲ ಆಕೆ ಮೂಲೆಯಕ್ಕ. ಆ ಹೆಸರನ್ನಿಟ್ಟವರು ಹೋಟೆಲಿನಲ್ಲಿ ಆಕೆಯ ಕೈಕೆಳಗೆ ದುಡಿಯುತ್ತಿದ್ದ ಹೆಂಗಸರು. ಹೋಟೆಲೆಂದರೆ ಊಟದ ಹೋಟೆಲಲ್ಲ; ಪರಊರಿನವರು ಬಂದು ಇಳಿದುಕೊಳ್ಳುವ ದೊಡ್ಡ ಹೋಟೆಲು. ಸಿದ್ಧವಾದ ಕೋಣೆಯನ್ನು ಪರೀಕ್ಷಿಸಲು ಬಂದಾಗ ಆಕೆ ಮೊದಲು ನೋಡುತ್ತಿದ್ದದ್ದು ಹಾಸಿಗೆಯ ನಾಲ್ಕು ಮೂಲೆಗಳನ್ನು. ಚಾದರದ ತುದಿ ಲಕೋಟೆಯ ಬಾಯಿಯಂತೆ ಓರೆಯಾಗಿ ಮಡಚಿ ಹಾಸಿಗೆಯ ಕೆಳಗೆ ಸೇರಿರಬೇಕು. ಬೆರಳು ತೂರಿಸಿದರೆ ಸಡಿಲಿರಬಾರದು. ಸಡಿಲಿದ್ದರೆ ಆಕೆ ಬೈಯುತ್ತಿರಲಿಲ್ಲ. ಇಡೀ ಚಾದರವನ್ನು ಒಂದೇ ಎಳೆತಕ್ಕೆ ಕಿತ್ತು ನೆಲಕ್ಕೆ ಹಾಕಿ, "ಇನ್ನೊಂದ್ಸಲ" ಎನ್ನುತ್ತಿದ್ದಳು, ಅಷ್ಟೆ.

ನಾಲ್ಕು ಅಂತಸ್ತು, ಎಂಬತ್ತಾರು ಕೋಣೆ, ಮೂವತ್ತಮೂರು ವರ್ಷ. ಮೊದಲ ಹದಿನೆಂಟು ವರ್ಷ ಆಕೆಯೇ ಹಾಸಿಗೆ ಹಾಸಿದಳು, ದಿನಕ್ಕೆ ಹದಿನಾಲ್ಕು. ಆಮೇಲಿನ ಹದಿನೈದು ವರ್ಷ ಹಾಸುವವರ ಮೇಲ್ವಿಚಾರಕಿ. ನಾನು ಮಾಸ್ತರಿಕೆಯ ಚಟದಿಂದ ಒಮ್ಮೆ ಗುಣಿಸಿ ನೋಡಿದೆ. ರಜೆಗಳನ್ನು ಕಳೆದರೂ ಆಕೆ ಸ್ವಂತ ಕೈಯಿಂದ ಹಾಸಿದ ಹಾಸಿಗೆಗಳು ಎಪ್ಪತ್ತೈದು ಸಾವಿರ ದಾಟಿದವು. ಅದನ್ನು ಹೇಳಿದಾಗ ಆಕೆ ಬೇಲಿಯ ಆಚೆ ನಿಂತು ನಕ್ಕಳು.

"ಅದರಲ್ಲಿ ಒಂದಾದ್ರೂ ನನ್ನದಿತ್ತಾ ಮೇಷ್ಟ್ರೇ?"

ಆ ನಗುವಿನೊಳಗೆ ಏನೋ ಒಂದು ಗಟ್ಟಿಯಾಗಿ ಕುಳಿತಿತ್ತು. ನಾನು ಆಗ ಗಮನಿಸಲಿಲ್ಲ.

ಆ ಕೆಲಸದ ನಿಯಮ ಒಂದೇ: ಕೋಣೆಯಲ್ಲಿ ಯಾರೂ ಯಾವತ್ತೂ ಇರಲೇ ಇಲ್ಲ ಎನ್ನುವ ಹಾಗೆ ಮಾಡಿಡುವುದು. ದಿಂಬಿನ ಮೇಲೆ ಕೂದಲೆಳೆ ಉಳಿಯಬಾರದು, ನಲ್ಲಿಯ ಮೂತಿಯಲ್ಲಿ ಹನಿ ನಿಲ್ಲಬಾರದು, ಕನ್ನಡಿಯಲ್ಲಿ ಉಸಿರಿನ ಮಂಜೂ ಇರಬಾರದು. ಕೊನೆಗೆ ನೆಲದ ಜಮಖಾನದ ಮೇಲೆ ತನ್ನದೇ ಹೆಜ್ಜೆಗಳನ್ನು ಬ್ರಷ್ಷಿನಿಂದ ಅಳಿಸುತ್ತ ಹಿಮ್ಮುಖವಾಗಿ ನಡೆದು ಹೊರಗೆ ಬರಬೇಕು. ಮೂವತ್ತಮೂರು ವರ್ಷ ಹೀಗೆ ಹಿಂದಕ್ಕೆ ನಡೆದವಳು ಆಕೆ.

ಆಕೆಯ ಗಂಡ ಅದೇ ಹೋಟೆಲಿನ ಬಟ್ಟೆ ವ್ಯಾನಿನ ಚಾಲಕ. ಬೆಳಿಗ್ಗೆ ಕೊಳೆಯಾದ ಚಾದರ, ಟವೆಲು, ದಿಂಬಿನ ಚೀಲಗಳನ್ನು ಲಾಂಡ್ರಿಗೆ ಒಯ್ದು, ಸಂಜೆ ಒಗೆದು ಇಸ್ತ್ರಿಯಾದವನ್ನು ತರುವುದು ಆತನ ಕೆಲಸ. ಮಾತು ಕಡಿಮೆ. ವ್ಯಾನನ್ನು ಹಿಂದಕ್ಕೆ ತೆಗೆಯುವಾಗ ಮಾತ್ರ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಯಾರೂ ಇಲ್ಲದಿದ್ದರೂ "ಹುಷಾರು, ಹುಷಾರು" ಎಂದು ಕೂಗುತ್ತಿದ್ದ. ಇಪ್ಪತ್ತಾರು ವರ್ಷ ದಿನಕ್ಕೆರಡು ಸಲ ಹೋಟೆಲಿನ ಹಿಂಬಾಗಿಲಲ್ಲಿ ಬಟ್ಟೆ ಎಣಿಸಿ ಒಪ್ಪಿಸುವಾಗ ಗಂಡ ಹೆಂಡಿರ ನಡುವೆ ನಡೆದ ಮಾತು ಇಷ್ಟೇ.

"ಎಷ್ಟು?"

"ಇನ್ನೂರ ಹತ್ತು."

ಅದೇ ಅವರ ಪ್ರೇಮಸಲ್ಲಾಪವೆಂದು ಅಡುಗೆಮನೆಯವರು ನಗುತ್ತಿದ್ದರು.

ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಹೋಟೆಲಿನ ಹಳೆಯ ಯಜಮಾನರು ಒಳ್ಳೆಯ ಮನುಷ್ಯ. ಸನ್ಮಾನ ಮಾಡಿ, ಸರೋವರದ ದಂಡೆಯಲ್ಲಿದ್ದ ತಮ್ಮ ಸ್ನೇಹಿತರ ಹೋಟೆಲಿನಲ್ಲಿ ಏಳು ದಿನ ಉಚಿತವಾಗಿ ಇಳಿದುಕೊಳ್ಳಲು ಚೀಟಿ ಬರೆದುಕೊಟ್ಟರು. "ಇಷ್ಟು ವರ್ಷ ಬೇರೆಯವರಿಗೆ ಹಾಸಿದ್ದೀರಿ. ಇನ್ನು ನೀವು ಮಲಗಿ, ಬೇರೆಯವರು ಹಾಸಲಿ" ಎಂದರು. ಸಭೆ ಚಪ್ಪಾಳೆ ತಟ್ಟಿತು.

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳೂ ಅವಳ ಗಂಡನೂ ಪಕ್ಕದ ಕೋಣೆ ಹಿಡಿದು ಜೊತೆಗೆ ಹೋದರು. ಅಳಿಯನಿಗೆ ಹೋಟೆಲೆಂದರೆ ಪಂಚಪ್ರಾಣ. ಹೋದಲ್ಲೆಲ್ಲ ಬೆರಳುದ್ದದ ಸಾಬೂನುಗಳನ್ನು ಜೇಬಿಗಿಳಿಸಿ, ಮನೆಯಲ್ಲಿ ಗಾಜಿನ ಭರಣಿಯಲ್ಲಿ ತುಂಬಿಡುವ ಹವ್ಯಾಸ ಅವನದು.

ಮಾರನೆಯ ಬೆಳಿಗ್ಗೆ ನಡೆದದ್ದನ್ನು ನನಗೆ ಹೇಳಿದವನು ಬಟ್ಟೆ ವ್ಯಾನಿನ ಚಾಲಕನೇ. ಅಪರೂಪಕ್ಕೆ ಅವನು ಅಷ್ಟು ಮಾತನಾಡಿದ್ದು. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಹಾಸಿಗೆಯನ್ನು ಹಾಸಿ, ನಾಲ್ಕೂ ಮೂಲೆ ಬಿಗಿದಿದ್ದಳು. ಆಮೇಲೆ ನಲ್ಲಿ ಒರೆಸಿದಳು. ಕಸದ ಬುಟ್ಟಿ ಖಾಲಿ ಮಾಡಿದಳು. ಸೂಟ್‌ಕೇಸು, ಚಪ್ಪಲಿ, ಬಾಚಣಿಗೆ ಎಲ್ಲವನ್ನೂ ಕಪಾಟಿನೊಳಗೆ ಸೇರಿಸಿ ಬಾಗಿಲು ಮುಚ್ಚಿದಳು.

"ಇವಳೇ, ನಾವಿಲ್ಲಿ ಅತಿಥಿಗಳು ಕಣೆ."

"ಗೊತ್ತು ರೀ. ಕೊಳಕು ಮಾಡಿಟ್ಟು ಹೋಗೋಕೆ ಕೈ ಬರಲ್ಲ. ನೀವು ಹೊರಗೆ ನಿಲ್ಲಿ, ಹೆಜ್ಜೆ ಮೂಡುತ್ತೆ."

ಎಂದಿನಂತೆ ಹಿಂದಕ್ಕೆ ನಡೆದು ಹೊರಬಂದಳು. ಅಷ್ಟೇ ತಪ್ಪು.

ಮಧ್ಯಾಹ್ನ ಸರೋವರದ ದಂಡೆಯಲ್ಲಿ ಸುತ್ತಾಡಿ ಹಿಂದಿರುಗಿ ಬಾಗಿಲು ತೆರೆದರೆ, ಹಾಸಿಗೆಯ ಮೇಲೆ ಬನಿಯನ್ನು ತೊಟ್ಟ ದಪ್ಪ ಮನುಷ್ಯನೊಬ್ಬ ಕಾಲು ಚಾಚಿ ಬಿಸ್ಕತ್ತು ತಿನ್ನುತ್ತ ಪೇಪರು ಓದುತ್ತಿದ್ದ.

"ಯಾರ್ರೀ ನೀವು?" ಎಂದ ಗಂಡ.

"ಅದನ್ನ ನಾನು ಕೇಳ್ಬೇಕು! ಬಾಗಿಲು ತಟ್ಟೋ ಅಭ್ಯಾಸ ಇಲ್ವಾ?"

ಮೂಲೆಯಕ್ಕನ ಕಣ್ಣು ಆ ಮನುಷ್ಯನ ಮೇಲೆ ಬೀಳಲೇ ಇಲ್ಲವಂತೆ. "ಅಯ್ಯೋ, ಆ ಕಾಲ್ಕಡೆ ಮೂಲೆ ಕಿತ್ತುಹಾಕಿದಾನೆ ನೋಡ್ರೀ" ಎಂದಳಂತೆ.

ಆದದ್ದಿಷ್ಟು. ಆ ಅಂತಸ್ತಿನ ಕೆಲಸದ ಹೆಂಗಸು ಕೋಣೆ ತೆರೆದು ನೋಡಿದ್ದಾಳೆ. ಮುಟ್ಟದ ಹಾಸಿಗೆ, ಒಣಗಿದ ನಲ್ಲಿ, ಖಾಲಿ ಬುಟ್ಟಿ, ನೆಲದ ಮೇಲೆ ಒಂದು ಹೆಜ್ಜೆಯ ಗುರುತೂ ಇಲ್ಲ. ಇದ್ದವರು ಹೊರಟುಹೋಗಿದ್ದಾರೆ, ಹಿಂದಿನ ಪಾಳಿಯವರು ಕೋಣೆ ಸಿದ್ಧಮಾಡಿದ್ದಾರೆ ಎಂದುಕೊಂಡು ಪಟ್ಟಿಯಲ್ಲಿ ಗುರುತು ಹಾಕಿದ್ದಾಳೆ. ಕೆಳಗಿನವರು ಬೀಗದ ಕೈಯನ್ನು ಹೊಸಬರಿಗೆ ಕೊಟ್ಟಿದ್ದಾರೆ.

ವ್ಯವಸ್ಥಾಪಕ ಕ್ಷಮೆ ಕೇಳಿದ. ಸರೋವರ ಕಾಣುವ ಇನ್ನೂ ದೊಡ್ಡ ಕೋಣೆ ಕೊಡುತ್ತೇನೆಂದ. ಅಳಿಯನ ಮುಖ ಅರಳಿತು. ಆದರೆ ಆ ಕೆಲಸದ ಹೆಂಗಸು, ನಲವತ್ತೈದು ದಾಟಿದವಳು, ವ್ಯವಸ್ಥಾಪಕನ ಮೇಜಿನ ಬಳಿ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು. ಮುಂದೆ ಒಂದು ಕಾಗದವಿತ್ತು. ಅದಕ್ಕೆ ಸಹಿ ಹಾಕಿದರೆ ಕೆಲಸ ಹೋದಂತೆಯೇ.

"ಅದನ್ನ ಎತ್ತಿಡಿ," ಎಂದಳು ಮೂಲೆಯಕ್ಕ. "ತಪ್ಪು ನನ್ನದು. ರೂಮು ಮಾಡಿದ್ದು ನಾನು."

"ಅತಿಥಿಗಳದ್ದು ತಪ್ಪು ಅಂತ ಇರೋದೇ ಇಲ್ಲಮ್ಮ," ಎಂದು ಅವನು ನಕ್ಕ. "ಕಪಾಟು ತೆಗೆದು ನೋಡ್ಬೇಕಿತ್ತು ಇವಳು."

"ಎಷ್ಟು ರೂಮು ಇವಳಿಗೆ?"

"ಹದಿನಾರು."

"ಹದಿನಾರು ರೂಮಿನ ಕಪಾಟು ತೆಗೆದು ನೋಡ್ತಾ ಕೂತ್ರೆ ಹಾಸಿಗೆ ನೀವು ಹಾಸ್ತೀರಾ? ಬನ್ನಿ ನನ್ನ ಜೊತೆ."

ಬಾರದೆ ಬೇರೆ ದಾರಿಯಿರಲಿಲ್ಲ. ಆಕೆ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. ಮಗಳ ಕೋಣೆಯ ಬಾಗಿಲು ತೆರೆಸಿ, ಮುದುಡಿ ಬಿದ್ದಿದ್ದ ಹಾಸಿಗೆಯನ್ನು ಎಲ್ಲರೆದುರು ಹಾಸಿದಳು. ಅಳಿಯನ ಗಡಿಯಾರದಲ್ಲಿ ನಾಲ್ಕು ನಿಮಿಷವೂ ಆಗಲಿಲ್ಲ. ಅಂಗೈಯಿಂದ ಒಂದು ಸಲ ಸವರಿ ನೆಟ್ಟಗೆ ನಿಂತಳು.

"ಈಗ ಹೇಳಿ ಸ್ವಾಮಿ. ಇದರಲ್ಲಿ ಯಾರು ಮಲಗಿದ್ರು? ಒಬ್ಬರಾ ಇಬ್ಬರಾ? ನಿಮ್ಮ ಕಣ್ಣಿಗೇ ಗೊತ್ತಾಗದೆ ಇದ್ದಿದ್ದು ಅವಳ ಕಣ್ಣಿಗೆ ಹೇಗೆ ಗೊತ್ತಾಗ್ಬೇಕು?"

ವ್ಯವಸ್ಥಾಪಕ ಹಾಸಿಗೆಯನ್ನು ನೋಡಿದ, ಆಕೆಯನ್ನು ನೋಡಿದ. ಕೆಳಗೆ ಬಂದು ಕಾಗದವನ್ನು ಹರಿದು ಹಾಕಿದ. ಅಲ್ಲಿಗೆ ಮುಗಿಯಬೇಕಿತ್ತು; ಮುಗಿಯಲಿಲ್ಲ. ಮೂಲೆಯಕ್ಕ ಸೂಟ್‌ಕೇಸನ್ನು ಎತ್ತಿಕೊಂಡು ಹೊರಬಾಗಿಲಿಗೆ ನಡೆದಳು, ಈ ಸಲ ಮುಂದಕ್ಕೆ.

"ಅಮ್ಮಾ, ದೊಡ್ಡ ರೂಮು ಕೊಡ್ತಿದಾರೆ!" ಎಂದು ಮಗಳು ಹಿಂದೆ ಓಡಿದಳು.

"ನೀವಿರಿ. ನಾನಿನ್ನು ಹೋಟೆಲಲ್ಲಿ ಮಲಗಲ್ಲ."

ಊರಿಗೆ ಬಂದ ಮೂರನೆಯ ದಿನ ಆಕೆ ನಮ್ಮ ಜಗಲಿಗೆ ಬಂದಳು. ಒಂದು ಕಾಗದ ಬರೆದುಕೊಡಬೇಕೆಂದಳು, ಹಳೆಯ ಯಜಮಾನರಿಗೆ. ಹೋಟೆಲಿನ ಹಿಂದೆ, ಬಾಯ್ಲರ್ ಕೋಣೆಯ ಪಕ್ಕ, ಗಂಡ ಓಡಿಸುತ್ತಿದ್ದ ವ್ಯಾನು ನಾಲ್ಕೂ ಚಕ್ರ ಕುಸಿದು ಗುಜರಿಯವನಿಗೆ ಕಾಯುತ್ತಿತ್ತು. ಹೊಸ ವ್ಯಾನು ಬಂದಾಗಿತ್ತು. ಉಡುಗೊರೆಯ ಏಳು ದಿನಗಳಲ್ಲಿ ಒಂದು ಖರ್ಚಾಗಿದೆ. ಉಳಿದ ಆರನ್ನು ಯಜಮಾನರು ಹಿಂದಕ್ಕೆ ತೆಗೆದುಕೊಂಡು ಆ ವ್ಯಾನನ್ನು ಕೊಡಲಿ, ಇದು ಆಕೆಯ ಬೇಡಿಕೆ.

"ಆ ಮುರುಕು ವ್ಯಾನಿನಲ್ಲಿ ಏನು ಮಾಡುತ್ತೀಯವ್ವ?" ಎಂದೆ.

"ಮನೆ ಮಾಡ್ತೀನಿ. ಅಳಿಯಂದಿರು ಫೋನಿನಲ್ಲಿ ತೋರಿಸಿದ್ರು, ಎಲ್ಲೋ ಜನ ಬಸ್ಸಿನಷ್ಟುದ್ದದ ಮೋಟಾರು ಮನೆ ಇಟ್ಕೊಂಡು ತಿರುಗ್ತಾರಂತೆ, ಹಾಸಿಗೆ, ಒಲೆ, ಬಚ್ಚಲು ಎಲ್ಲ ಅದರೊಳಗೇ. ಅಷ್ಟು ದೊಡ್ಡದು ನಮಗೆ ಯಾಕೆ? ಒಂದು ಹಾಸಿಗೆ ಹಿಡಿದ್ರೆ ಸಾಕು."

ನಾನು ರೂಢಿಯಂತೆ ವಿನಯಪೂರ್ವಕವಾಗಿ ಬರೆದು ಓದಿ ಹೇಳಿದೆ. ಆಕೆ ಬೆರಳು ಮಡಚುತ್ತ ಕೇಳಿದಳು.

"ಮೇಷ್ಟ್ರೇ, ಇದರಲ್ಲಿ 'ದಯವಿಟ್ಟು' ನಾಲ್ಕು ಸಲ ಬಂತು. ಒಂದು ಸಾಕು. ಅದೂ ಕೊನೇಲಿ ಬರಲಿ."

ತಿದ್ದಿದೆ. ನನ್ನ ಬರಹವನ್ನು ತಿದ್ದಿಸಿದವರು ಅದಕ್ಕೆ ಮೊದಲು ಇಬ್ಬರೇ: ನನ್ನ ಗುರುಗಳು ಮತ್ತು ನನ್ನ ಹೆಂಡತಿ. ವಾರದೊಳಗೆ ವ್ಯಾನನ್ನು ನಮ್ಮ ಬೀದಿಗೆ ಎಳೆತಂದು ನಿಲ್ಲಿಸಲಾಯಿತು.

ಆ ನಾಲ್ಕು ತಿಂಗಳು ಬೀದಿಗೆಲ್ಲ ಅದೇ ನೋಟ. ಚಾಲಕ ಇಂಜಿನ್ನನ್ನು ಬಿಚ್ಚಿ, ಹಳೆಯ ಚಾದರದ ಮೇಲೆ ಹರವಿ, ಒಂದೊಂದೇ ಭಾಗ ತೊಳೆದು ಜೋಡಿಸಿದ. ಚಾದರಗಳನ್ನು ಪೇರಿಸುತ್ತಿದ್ದ ಕಬ್ಬಿಣದ ಅಟ್ಟಣೆ ಮಂಚವಾಯಿತು. ಅತಿಥಿಗಳ ಕೋಟುಗಳನ್ನು ತೂಗುಹಾಕುತ್ತಿದ್ದ ಸರಳು ಹಾಗೆಯೇ ಉಳಿಯಿತು. ಪಕ್ಕದ ತಗಡನ್ನು ಕೊರೆದು ಕಿಟಕಿ ಇಟ್ಟರು. ಎರಡು ಉರಿಯ ಚಿಕ್ಕ ಒಲೆ, ನಲ್ಲಿಯಿದ್ದ ನೀರಿನ ಡಬ್ಬ, ಮಡಚುವ ಮೇಜು. ಬಚ್ಚಲಿಗೆ ಜಾಗವಿರಲಿಲ್ಲ, ದಾರಿಯಲ್ಲಿ ಬಸ್ ನಿಲ್ದಾಣಗಳಿವೆ ಎಂದಳು. ಚಾದರ ಕೊಳ್ಳಲು ಆಕೆ ಒಬ್ಬಳೇ ಪೇಟೆಗೆ ಹೋಗಿ, ಅಂಗೈಯಗಲದ ಕೆಂಪು ಹೂಗಳಿದ್ದ ಒಂದನ್ನು ತಂದಳು. ಬಿಳಿಯ ಬಟ್ಟೆಯನ್ನು ಇನ್ನು ಹೆಣಕ್ಕೆ ಹೊದಿಸುವಾಗ ನೋಡಿದರೆ ಸಾಕೆಂದಳು.

ವ್ಯಾನಿನ ಹಿಂಬಾಗಿಲ ಮೇಲೆ ದಪ್ಪಕ್ಷರದಲ್ಲಿ "ಕೊಳೆ ಬಟ್ಟೆ ಮಾತ್ರ" ಎಂದು ಬರೆದಿತ್ತು; ಒಗೆದದ್ದು ಪಕ್ಕದ ಬಾಗಿಲಿನಿಂದ ಇಳಿಯುತ್ತಿತ್ತು. ಗಂಡ ಬಣ್ಣದ ಡಬ್ಬಿ ಹಿಡಿದು ಹೋದ. ಆಕೆ ಬಿಡಲಿಲ್ಲ. "ಇರ್ಲಿ ಬಿಡಿ. ಕಳ್ಳರು ಹತ್ರ ಬರಲ್ಲ."

ಮಗಳಿಗೆ ಇದು ಸಹಿಸಲಾಗದಾಯಿತು. ಚಿಕ್ಕವಳಿದ್ದಾಗ ನನ್ನ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕುಳಿತು, ಪುಸ್ತಕದ ಅಂಚು ಮಡಚಿದರೂ ಅಳುತ್ತಿದ್ದ ಹುಡುಗಿ ಅವಳು. ತಾಯಿಯ ಶಿಸ್ತು ಅವಳ ಮೈಗೂ ಹತ್ತಿತ್ತು. ಒಂದು ಭಾನುವಾರ ಗಂಡನನ್ನು ಕರೆದುಕೊಂಡು ಬಂದಳು. ಬೇಲಿಯೀಚೆ ನಾನು ಗಿಡಗಳಿಗೆ ನೀರು ಹಾಕುತ್ತಿದ್ದೆ. ಕೇಳಬಾರದೆಂದರೂ ಕಿವಿ ಅಲ್ಲೇ ಇತ್ತು.

"ಕೊಳೆ ಬಟ್ಟೆ ಗಾಡೀಲಿ ನಮ್ಮಮ್ಮ ಊರೂರು ಸುತ್ತುತಾಳೆ ಅಂತ ಅಂಗಡೀಲಿ ಹೇಗೆ ಹೇಳ್ಲಿ? ಗತಿ ಇಲ್ದೋರು ದಾರಿ ಬದೀಲಿ ಮಲಗೋದು."

"ಅತ್ತೆ, ಯೋಚನೆ ಮಾಡಿ," ಎಂದ ಅಳಿಯ, ಸಮಾಧಾನದ ದನಿಯಲ್ಲಿ. "ಹೋಟೆಲಲ್ಲಿ ಬಿಸಿನೀರು ಬರುತ್ತೆ, ಮೆತ್ತನೆ ಹಾಸಿಗೆ ಇರುತ್ತೆ. ಬೆಲ್ ಒತ್ತಿದ್ರೆ ಟೀ ಬರುತ್ತೆ."

"ಬೆಲ್ ಒತ್ತಿದ್ರೆ ಟೀ ಬರಲ್ಲ ಅಳಿಯಂದಿರೇ. ಟೀ ಹಿಡ್ಕೊಂಡು ಒಬ್ಬಳು ಬರ್ತಾಳೆ. ಮೂವತ್ತಮೂರು ವರ್ಷ ಆ ಬೆಲ್ಲಿಗೆ ಓಡಿದೀನಿ. ಈಗಲೂ ಎಲ್ಲಾದ್ರೂ ಬೆಲ್ ಕೇಳಿದ್ರೆ ನನ್ನ ಕಾಲು ನನ್ನನ್ನ ಕೇಳದೇ ಎದ್ದು ನಿಲ್ಲುತ್ತೆ."

"ಈ ವಯಸ್ಸಿನಲ್ಲಿ ಏನಾದ್ರೂ ಆದ್ರೆ? ಬಿದ್ರೆ? ಜ್ವರ ಬಂದ್ರೆ?"

"ಎಲ್ಲಿ ಇದ್ರೂ ಬರೋದು ಬರುತ್ತೆ ಕಣೆ. ಕೊನೇ ಪಕ್ಷ ನನ್ನ ಹಾಸಿಗೇಲಿ ಬರಲಿ."

"ಹಾಗಿದ್ರೆ ಕೇಳು," ಎಂದಳು ಮಗಳು. "ಆ ಗಾಡಿಯೊಳಗೆ ನಾನು ಕಾಲಿಡಲ್ಲ. ನೀನು ಅದರಲ್ಲಿ ಹೋದ್ರೆ ನಿನ್ನ ಪಾಡಿಗೆ ನೀನು."

ಒಬ್ಬಳೇ ಮಗಳು. ಮಡಿಲಲ್ಲಿದ್ದ ದಿಂಬಿನ ಚೀಲಕ್ಕೆ ಗುಂಡಿ ಹೊಲಿಯುತ್ತಿದ್ದ ಮೂಲೆಯಕ್ಕ ದಾರವನ್ನು ಹಲ್ಲಿನಿಂದ ಕಡಿದಳು.

"ಹೋಗೋದು ಹದಿನೈದನೇ ತಾರೀಕು," ಎಂದಳು. "ಬೆಳಿಗ್ಗೆ ಆರಕ್ಕೆ."

ಆರಕ್ಕೆ ಸರಿಯಾಗಿ ಹೊರಟರು. ನಾನೂ ನನ್ನ ಹೆಂಡತಿಯೂ ಕೈಬೀಸಿದೆವು. ಚಾಲಕ ಅರ್ಧ ಮೈ ಹೊರಗೆ ಹಾಕಿ "ಹುಷಾರು, ಹುಷಾರು" ಎಂದು ನಿರ್ಜನವಾದ ಬೀದಿಗೆ ಎಚ್ಚರಿಕೆ ಕೊಟ್ಟ. ಮಗಳು ಬಂದಿರಲಿಲ್ಲ. ಮೂಲೆಯಕ್ಕ ಬೀದಿಯ ತಿರುವಿನವರೆಗೂ ಹಿಂದಿರುಗಿ ನೋಡಿದಳು, ನಮ್ಮನ್ನಲ್ಲ.

ಹೋದದ್ದು ಅದೇ ಸರೋವರಕ್ಕೆ. ಬೇರೆ ಜಾಗಗಳಿರಲಿಲ್ಲವೆ ಎಂದು ಆಮೇಲೆ ಕೇಳಿದೆ. "ಅಲ್ಲೇ ಮಲಗಿ ತೋರಿಸ್ಬೇಕಿತ್ತು" ಎಂದಳು. ಹೋಟೆಲಿನ ಕಾಂಪೌಂಡಿನ ಪಕ್ಕದ ಸಾರ್ವಜನಿಕ ಬಯಲಿನಲ್ಲಿ, ಸರೋವರಕ್ಕೆ ಎದುರಾಗಿ ವ್ಯಾನು ನಿಲ್ಲಿಸಿದರು. ಬಯಲು ಕಾಯುವವನು ಸೀಟಿ ಊದುತ್ತ ಬಂದ.

"ಇಲ್ಲಿ ಮಲಗೋ ಹಾಗಿಲ್ಲ."

"ಎಲ್ಲಿ ಬರೆದಿದೆ?"

ಅವನು ಫಲಕ ತೋರಿಸಿದ. ಮೂಲೆಯಕ್ಕ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಗಟ್ಟಿಯಾಗಿ ಓದಿದಳು. "ಮೀನು ಹಿಡಿಯಬಾರದು. ವಾಹನ ತೊಳೆಯಬಾರದು. ಬೆಂಕಿ ಹಾಕಬಾರದು. ಮಲಗಬಾರದು ಅನ್ನೋದು ಎಲ್ಲಿದೆಯಪ್ಪಾ?"

"ಯಾರೂ ಮಲಗಲ್ಲ ಅಂತ ಬರೆದಿಲ್ಲ ಅಮ್ಮ."

"ಹಾಗಾದ್ರೆ ನಾನು ಮಲಗ್ತೀನಿ. ಬರೆದ ಮೇಲೆ ಬಂದು ಎಬ್ಬಿಸು."

ಅವನು ಹಿಂಬಾಗಿಲ ಅಕ್ಷರಗಳನ್ನು ಓದಿ, ತಲೆ ಕೆರೆದುಕೊಂಡು, ಕೊಟ್ಟ ಟೀ ಕುಡಿದು ಹೋದ. ಮಾರನೆಯ ದಿನ ಹೋಟೆಲಿನ ಆ ಕೆಲಸದ ಹೆಂಗಸೂ ಊಟದ ಬಿಡುವಿನಲ್ಲಿ ಬಂದು, ಮೆಟ್ಟಿಲ ಮೇಲೆ ಕುಳಿತು ಡಬ್ಬಿ ಬಿಚ್ಚಿದಳು. ಈಗ ಹದಿನೇಳು ಕೋಣೆಯಂತೆ. ಅದಕ್ಕೆ ಇಬ್ಬರೂ ಸೇರಿ ವ್ಯವಸ್ಥಾಪಕನನ್ನು ಮನಸಾರೆ ಬೈದರು.

ಎಲ್ಲವೂ ಸುಖವಾಗಿತ್ತೆಂದು ಬರೆದರೆ ಸುಳ್ಳಾದೀತು. ತಗಡು ಬೆಳಗಿನಲ್ಲಿ ತಣ್ಣಗೆ, ಮಧ್ಯಾಹ್ನ ಒಲೆಯಂತೆ. ಮಂಚ ಇಬ್ಬರಿಗೆ ಇಕ್ಕಟ್ಟು. ನೀರಿಗೆ ಬಿಂದಿಗೆ ಹಿಡಿದು ನಡೆಯಬೇಕು. ಗಂಡನ ಸೊಂಟ ಹಿಡಿದುಕೊಂಡಿತು. ಅವನಂತೂ ಬಾಯಿಬಿಟ್ಟು ಹೇಳಿದ: "ಹೋಟೆಲಿನ ಬಚ್ಚಲು ಚೆನ್ನಾಗಿತ್ತು ಮೇಷ್ಟ್ರೇ, ಏನೇ ಹೇಳಿ." ನನಗೂ ವೈಯಕ್ತಿಕವಾಗಿ ಹೋಟೆಲೇ ಇಷ್ಟ. ಆದರೆ ಇದು ನನ್ನ ಕಥೆಯಲ್ಲ.

ಮಗಳು ನಾಲ್ಕು ದಿನ ಮುಖ ಊದಿಸಿಕೊಂಡೇ ಇದ್ದಳು. ಐದನೆಯ ದಿನ ಅವಳ ಗಂಡ ಅಂಗಡಿಗೆ ರಜೆ ಹಾಕಿಸಿ, ಕಾರು ತೆಗೆದ. ಅವರು ಬಯಲನ್ನು ತಲುಪಿದಾಗ ಬೆಳಗಿನ ಹನ್ನೊಂದು ಗಂಟೆ. ವ್ಯಾನಿನ ಪಕ್ಕದ ಬಾಗಿಲು ತೆರೆದಿತ್ತು. ತಂದೆ ನೀರಿಗೆ ಹೋಗಿದ್ದ. ತಾಯಿಯೂ ಕಾಣಲಿಲ್ಲ.

ಒಳಗೆ ಬರುವುದಿಲ್ಲವೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಗಳು ಹೊರಗೇ ನಿಂತು ಇಣುಕಿದಳು. ಕಂಡದ್ದು ಹಾಸಿಗೆ. ಚಾದರ ಮುದುಡಿ ಗೋಡೆಯ ಕಡೆ ಗುಡ್ಡೆ ಬಿದ್ದಿದೆ. ದಿಂಬಿನ ನಡುವೆ ತಲೆಯ ಗುಳಿ ಹಾಗೆಯೇ ಇದೆ. ನಾಲ್ಕು ಮೂಲೆಗಳಲ್ಲಿ ಒಂದೂ ಬಿಗಿದಿಲ್ಲ. ಕೆಂಪು ಹೂಗಳೆಲ್ಲ ಸೊಟ್ಟಸೊಟ್ಟ.

ಹುಟ್ಟಿದಾಗಿನಿಂದ, ತಾಯಿ ಎದ್ದ ಮೇಲೆ ಮುದುಡಿದ್ದ ಹಾಸಿಗೆಯನ್ನು ಅವಳು ನೋಡಿದ್ದೇ ಇಲ್ಲ. ಜ್ವರವಿದ್ದಾಗಲೂ ಇಲ್ಲ. ಅವಳು ಹುಟ್ಟಿದ ದಿನವೂ ಹಾಸಿಗೆ ಹಾಸಿಯೇ ಆಸ್ಪತ್ರೆಗೆ ಹೋದವಳು ತಾಯಿ.

"ಅಮ್ಮಾ!" ಎಂದು ಕಿರುಚಿ ಒಳಕ್ಕೆ ಹಾರಿದಳು. "ಅಮ್ಮಾ, ಏನಾಯ್ತೇ? ಎಲ್ಲಿದೀಯಾ?"

ಮೂಲೆಯಕ್ಕ ಮುಂದಿನ ಚಾಲಕನ ಸೀಟಿನಲ್ಲಿ ಕಾಲು ಮೇಲೆ ಹಾಕಿಕೊಂಡು, ಸರೋವರ ನೋಡುತ್ತ ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತಿದ್ದಳು.

"ಯಾಕೇ ಹಾಗೆ ಕೂಗ್ತೀಯ? ಇಲ್ಲೇ ಇದೀನಿ."

"ಹುಷಾರಿಲ್ವಾ? ಹಾಸಿಗೆ ನೋಡಿ ನನ್ನ ಜೀವವೇ ಹೋಯ್ತು!"

"ಏನಾಗಿದೆ ಹಾಸಿಗೆಗೆ?"

"ಹಾಸಿಲ್ಲ!"

"ಹೌದು. ಹಾಸಿಲ್ಲ. ಇವತ್ತಿಗೆ ನಾಲ್ಕು ದಿನ." ಆಕೆ ಇನ್ನೊಂದು ಕಡಲೆಕಾಯಿ ಒಡೆದಳು. "ಮೊದಲನೇ ದಿನ ಕೈ ತುಂಬ ಕಡಿಯಿತು. ಕೈಯನ್ನ ತೊಡೆ ಕೆಳಗೆ ಇಟ್ಕೊಂಡು ಕೂತೆ."

ಮಗಳು ಏನಾದರೂ ಮಾಡಬೇಕಲ್ಲವೆಂದು, ಅಭ್ಯಾಸಬಲದಿಂದ ಬಾಗಿ ಚಾದರದ ತುದಿ ಹಿಡಿದಳು.

"ಮುಟ್ಟಬೇಡ."

"ಸುಮ್ನೆ ಒಂದು ಸಲ ಕೊಡವಿ..."

"ಮುಟ್ಟಬೇಡ ಅಂದೆ. ನನ್ನ ಸುಕ್ಕು ಅದು. ಎಪ್ಪತ್ತೈದು ಸಾವಿರ ಹಾಸಿಗೇಲಿ ಯಾರೂ ಮಲಗೇ ಇಲ್ಲ ಅನ್ನೋ ಹಾಗೆ ಮಾಡಿದೀನಿ. ಇದರಲ್ಲಿ ಒಬ್ಬಳು ಮಲಗಿದ್ಲು ಅಂತ ಗೊತ್ತಾಗ್ಲಿ."

ಮಗಳು ಕೈ ಹಿಂದಕ್ಕೆ ತೆಗೆದಳು. ಬಾಗಿಲಾಚೆಯಿಂದ ಅಳಿಯನ ದನಿ ಕೇಳಿತು. "ಕಾಲಿಡಲ್ಲ ಅಂದವರು ಎರಡೂ ಕಾಲು ಇಟ್ಟಾಯ್ತು. ನಾನೂ ಬರ್ಲಾ ಅತ್ತೆ?"

"ಬನ್ನಿ. ಸಾಬೂನು ಮಾತ್ರ ಒಂದೇ ಇದೆ, ಜೇಬಿಗೆ ಹಾಕ್ಬೇಡಿ."

ಮಗಳು ತನ್ನ ಮಾತನ್ನು ಹಿಂದೆಗೆದುಕೊಂಡಳೆಂದು ನಾನು ಹೇಳಲಾರೆ. ಈ ವ್ಯಾನು ಅವಳಿಗೆ ಇಂದಿಗೂ ಹಿಡಿಸಿಲ್ಲ; ಅಂದೂ ಅವರಿಬ್ಬರು ಪಕ್ಕದ ಹೋಟೆಲಿನಲ್ಲೇ ಕೋಣೆ ಹಿಡಿದರು. ಆದರೆ ಊಟವಾದ ಮೇಲೆ, ಅಪ್ಪ ನೀರು ತಂದು ಸೊಂಟ ನೀವಿಕೊಳ್ಳುತ್ತ ಕುಳಿತಾಗ, ಅವಳು ಆ ಮುದುಡಿದ ಹಾಸಿಗೆಯ ಮೇಲೆ ಉರುಳಿ, ಅಮ್ಮನ ತಲೆಯ ಗುಳಿಯಲ್ಲೇ ತಲೆಯಿಟ್ಟು ಒಂದು ಗಂಟೆ ನಿದ್ದೆ ಹೋದಳು. ಎದ್ದಾಗ ಅಭ್ಯಾಸದಂತೆ ಕೈ ಚಾದರದ ಕಡೆ ಹೋಯಿತು. ಸೀಟಿನಲ್ಲಿ ಕುಳಿತಿದ್ದ ತಾಯಿ ಹಿಂದಿರುಗಿಯೂ ನೋಡದೆ "ಉಹೂಂ" ಎಂದಳು.

ಅದನ್ನು ಹಾಗೆಯೇ ಬಿಟ್ಟು ಅವಳು ಚಪ್ಪಲಿ ಹಾಕಿಕೊಂಡಳು.